ಪ್ರವಾಸ ಲೇಖನಕ್ಕೆ ಪಿಚ್ ಬರೆಯುವುದು: ಬನಶಂಕರಿ ಜಾತ್ರೆ ಇಟ್ಟುಕೊಂಡು ಒಂದು ಟಿಪ್ಪಣಿ

ಪಿಚ್ ಅಂದರೆ ಲೇಖನ ಬರೆಯುವ ಮುಂಚೆ ಸಂಪಾದಕರಿಗೆ ಕಳಿಸುವ ಒಂದು ಪುಟ್ಟ ಪತ್ರ. ಇಂಥದ್ದೊಂದು ಕಥೆ ಇದೆ, ಹೀಗೆ ಬರೆಯುತ್ತೇನೆ, ನಿಮಗೆ ಬೇಕಾ ಅಂತ ಕೇಳುವುದು. ಇಂಗ್ಲಿಷ್ ಪತ್ರಿಕೆಗಳಲ್ಲಿ ಫ್ರೀಲ್ಯಾನ್ಸ್ ಬರೆಯುವವರಿಗೆ ಸಾಮಾನ್ಯವಾಗಿ ಇದೇ ಬಾಗಿಲು. ಕನ್ನಡದಲ್ಲಿ ರೂಢಿ ಸ್ವಲ್ಪ ಬೇರೆ. ಪುರವಣಿಗಳಿಗೆ, ವಾರಪತ್ರಿಕೆಗಳಿಗೆ ಜಾಸ್ತಿ ಜನ ಪೂರ್ತಿ ಲೇಖನವನ್ನೇ ಫೋಟೊ ಸಮೇತ ಕಳಿಸಿ ಕಾಯುತ್ತಾರೆ. ಹಾಗಂತ ಪಿಚ್ ಕಲಿಯುವುದು ದಂಡ ಅಂದುಕೊಳ್ಳಬೇಡಿ. ಪೂರ್ತಿ ಲೇಖನ ಕಳಿಸುವಾಗಲೂ ಮೇಲ್‌ನಲ್ಲಿ ನಾಲ್ಕು ಸಾಲು ಬರೆಯಲೇಬೇಕಲ್ವಾ? ಆ ನಾಲ್ಕು ಸಾಲು ನೋಡಿಯೇ ಅವರು ಫೈಲ್ ತೆರೆಯುವುದು ಅಥವಾ ಬಿಡುವುದು.

ಸುಮ್ನೆ ನಿಯಮ ಹೇಳುವ ಬದಲು ಒಂದೇ ಊರು ಹಿಡಿದು ನೋಡೋಣ. ಬಾದಾಮಿ. ಹೊಸಬರ ಪಿಚ್ ಸಾಮಾನ್ಯವಾಗಿ ಹೀಗಿರುತ್ತದೆ:

“ಸರ್, ನಾನು ಇತ್ತೀಚೆಗೆ ಬಾದಾಮಿಗೆ ಹೋಗಿದ್ದೆ. ಚಾಲುಕ್ಯರ ರಾಜಧಾನಿಯಾಗಿದ್ದ ಈ ಊರು ಕಣ್ಮನ ಸೆಳೆಯುತ್ತದೆ. ಗುಹಾಲಯಗಳು, ಅಗಸ್ತ್ಯ ತೀರ್ಥ, ಭೂತನಾಥ ದೇವಾಲಯ, ಹತ್ತಿರದಲ್ಲೇ ಐಹೊಳೆ, ಪಟ್ಟದಕಲ್ಲು ಪ್ರವಾಸಿಗರನ್ನು ಕೈಬೀಸಿ ಕರೆಯುತ್ತವೆ. ಲೇಖನ ಬರೆದು ಕೊಡಲೇ?”

ಇದರಲ್ಲಿ ಒಂದು ಸುಳ್ಳೂ ಇಲ್ಲ. ಆದರೆ ಸಂಪಾದಕರು ಹೂಂ ಅನ್ನಲು ಏನೂ ಸಿಗುವುದಿಲ್ಲ. ಮೂರನೇ ಗುಹೆಯಲ್ಲಿ 578ರ ಶಾಸನ ಇದೆ ಅನ್ನುವುದು ಯಾವ ಗೈಡ್ ಪುಸ್ತಕದಲ್ಲೂ ಸಿಗುತ್ತದೆ, ಪುರಾತತ್ವ ಇಲಾಖೆಯವರ ಫಲಕದಲ್ಲೂ ಸಿಗುತ್ತದೆ, ಅದನ್ನು ಹೇಳಲು ನಿಮ್ಮನ್ನೇ ಯಾಕೆ ಕರೆಯಬೇಕು? ಪತ್ರದಲ್ಲಿ ಊರು ಇದೆ, ಕಥೆ ಇಲ್ಲ. ಇನ್ನು ‘ಕಣ್ಮನ ಸೆಳೆಯುವ’, ‘ಪ್ರಕೃತಿಯ ಮಡಿಲಲ್ಲಿ’, ‘ದಕ್ಷಿಣದ ಕಾಶ್ಮೀರ’, ‘ಕರ್ನಾಟಕದ ನಯಾಗರ’ ಇಂಥ ಮಾತುಗಳನ್ನು ಪಿಚ್‌ನಲ್ಲಿ ಹಾಕಿದರೆ ಲೇಖನದಲ್ಲೂ ಅವೇ ಬರುತ್ತವೆ ಅಂತ ಓದುವವರಿಗೆ ಮೊದಲೇ ಗೊತ್ತಾಗಿಬಿಡುತ್ತದೆ.

ಈಗ ಅದೇ ಊರಿಂದ ಸುಮಾರು 5 ಕಿಲೋಮೀಟರ್ ಆಚೆ ಹೋಗೋಣ. ಚೊಳಚಗುಡ್ಡದ ಬನಶಂಕರಿ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು, ಆಮೇಲೆ ವಾರಗಟ್ಟಲೆ ಜಾತ್ರೆ. ಅಲ್ಲಿ ಎಷ್ಟು ಕಥೆ ಇದೆ ನೋಡಿ. ತೇರಿಗೆ ಮುಂಚೆ ಪಲ್ಲೇದ ಹಬ್ಬ, ಶಾಕಂಬರಿಗೆ (ಬನಶಂಕರಿಯ ಇನ್ನೊಂದು ಹೆಸರು) 108 ಬಗೆ ತರಕಾರಿಯ ನೈವೇದ್ಯ. ದೇವಸ್ಥಾನದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಖಾರ, ಮೊಸರು ಬಡಿಸುತ್ತಾರೆ. ಇನ್ನೊಂದು ಕಡೆ ಕೆತ್ತನೆ ಮಾಡಿದ ಮರದ ಬಾಗಿಲು, ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಮಾರುತ್ತಾರೆ. ರಾತ್ರಿಯಾದರೆ ವೃತ್ತಿ ನಾಟಕ ಕಂಪನಿಗಳ ಆಟ, ಒಂದರ ಹಿಂದೆ ಒಂದು.

ಇದರಲ್ಲಿ ಯಾವುದು ಪ್ರವಾಸ ಪುಟದ ಕಥೆ? ಎಲ್ಲವನ್ನೂ ಒಂದೇ ಪಿಚ್‌ಗೆ ತುರುಕಿದರೆ ಮತ್ತೆ ‘ಬನಶಂಕರಿ ಜಾತ್ರೆಯ ವೈಭವ’ ಆಗುತ್ತದೆ, ಅದು ಪ್ರತಿ ವರ್ಷ ಸುದ್ದಿ ಪುಟದಲ್ಲಿ ಬಂದೇ ಬರುತ್ತದೆ. ಬಾಗಿಲು ಮಾರುವ ಕಥೆ ನನಗೆ ತುಂಬ ಇಷ್ಟ, ಆದರೆ ಅದು ಕರಕುಶಲದ ಪುಟಕ್ಕೆ ಜಾಸ್ತಿ ಹೊಂದುತ್ತದೆ. ಬೆಂಗಳೂರಿಂದ ಹೋದ ಓದುಗರು ಬಾಗಿಲು ಕೊಂಡು ರೈಲು ಹತ್ತಿಸುವುದಿಲ್ಲವಲ್ಲ. ರೊಟ್ಟಿ ಬುಟ್ಟಿಯ ಕಥೆ ಊಟದ ಅಂಕಣಕ್ಕೆ 400, 500 ಪದದ ಪುಟ್ಟ ಬರಹ. ಹೊಸಬರು ಮೊದಲು ಇಂಥದ್ದನ್ನೇ ಕಳಿಸುವುದು ಒಳ್ಳೆಯದು, ಯಾಕೆಂದರೆ ಗೊತ್ತಿಲ್ಲದ ಹೆಸರಿಗೆ ಎರಡು ಪುಟ ಬಿಟ್ಟುಕೊಡಲು ಯಾರೂ ಧೈರ್ಯ ಮಾಡುವುದಿಲ್ಲ, ಅರ್ಧ ಪುಟ ಕೊಡಬಹುದು. ನಾಟಕದ ಕಥೆಯಲ್ಲಿ ಮಾತ್ರ ಎಲ್ಲವೂ ಇದೆ. ಓದುಗರು ತಾವೇ ಹೋಗಿ ಟಿಕೆಟ್ ತೆಗೆದು ಕೂರಬಹುದು. ಜಾಗ ಇದೆ, ಹೊತ್ತು ಇದೆ, ಬಣ್ಣ ಹಚ್ಚುವ ಮನುಷ್ಯರಿದ್ದಾರೆ, ಜನ ಬರುತ್ತಾರೋ ಇಲ್ಲವೋ ಅನ್ನುವ ಕಂಪನಿ ಮಾಲೀಕರ ಆತಂಕ ಇದೆ.

ಆ ಪಿಚ್ ಹೀಗಿರಬಹುದು:

“ವಿಷಯ: ಪಿಚ್ – ಬನಶಂಕರಿ ಜಾತ್ರೆಯ ನಾಟಕದ ರಾತ್ರಿ

ಮೇಡಂ, ನಮಸ್ಕಾರ. ಬನಶಂಕರಿಯ ತೇರು ನೋಡಿ ಹೊರಗಿನ ಪ್ರವಾಸಿಗಳು ಸಂಜೆಗೆ ಬಾದಾಮಿಗೆ ವಾಪಸಾಗುತ್ತಾರೆ. ಜಾತ್ರೆಯ ಇನ್ನೊಂದು ಪಾಳಿ ಆಗ ಶುರು. ನಾಟಕ ಕಂಪನಿಗಳು ಒಂದರ ಪಕ್ಕ ಒಂದು ಥೇಟರ್ ಹಾಕಿ, ಮೈಕಿನಲ್ಲಿ ಪೈಪೋಟಿಗೆ ಕೂಗಿ ಜನರನ್ನು ಕರೆದು, ಬೆಳಗಿನ ತನಕ ಆಟ ಆಡುತ್ತವೆ. ಒಂದು ಕಂಪನಿಯ ಜೊತೆ ಸಂಜೆಯಿಂದ ಬೆಳಗಿನವರೆಗೆ ಇದ್ದು ಬರೆಯುತ್ತೇನೆ: ಗೇಟಿನಲ್ಲಿ ಟಿಕೆಟ್ ಹರಿಯುವವರು, ಪರದೆ ಹಿಂದೆ ಬಣ್ಣ ಹಚ್ಚುವವರು, ಎರಡನೇ ಆಟ ಮುಗಿಸಿ ಚಹಾ ಕುಡಿಯುವ ಹಾಸ್ಯ ಕಲಾವಿದರು. ಈ ಒಂದು ಜಾತ್ರೆಯ ಗಲ್ಲಾಪೆಟ್ಟಿಗೆ ಕಂಪನಿಯ ಇಡೀ ವರ್ಷದ ಎಷ್ಟು ಭಾರ ಹೊರುತ್ತದೆ ಅನ್ನುವುದು ನನ್ನ ಪ್ರಶ್ನೆ. ಒಬ್ಬ ಮಾಲೀಕರು ಒಳಗೆ ಕೂರಲು ಒಪ್ಪಿದ್ದಾರೆ. ಸುಮಾರು 1,200 ಪದ, ಜೊತೆಗೆ ಹೋಗುವ ದಾರಿ, ಉಳಿಯುವ ಜಾಗ, ಆಟದ ಹೊತ್ತಿನ ಮಾಹಿತಿ. ಫೋಟೊ ನನ್ನವೇ, ಮೂರು ಮಾದರಿ ಲಿಂಕ್‌ನಲ್ಲಿವೆ. ನನ್ನ ತವರು ಗುಳೇದಗುಡ್ಡ, ಚಿಕ್ಕಂದಿನಿಂದ ಈ ಜಾತ್ರೆಗೆ ಹೋಗಿ ಗೊತ್ತು. ಹಿಂದೆ ಅಚ್ಚಾದ ಎರಡು ಬರಹಗಳ ಲಿಂಕ್ ಕೆಳಗಿದೆ.”

ಪತ್ರ ಅಷ್ಟೇ. ಫೋನಿನಲ್ಲಿ ಎರಡು ಸಲ ಬೆರಳಾಡಿಸಿದರೆ ಮುಗಿಯಬೇಕು. ಗಮನಿಸಿ, ಜಾತ್ರೆಯ ಇತಿಹಾಸ ಒಂದು ಸಾಲೂ ಇಲ್ಲ, ಅದು ಲೇಖನದ ಮಧ್ಯೆ ಎಲ್ಲೋ ಬರುತ್ತದೆ. ‘ಒಬ್ಬ ಮಾಲೀಕರು ಒಪ್ಪಿದ್ದಾರೆ’ ಅನ್ನುವ ಮಾತಿಗೆ ಇಡೀ ಪತ್ರದಲ್ಲಿ ಜಾಸ್ತಿ ಬೆಲೆ, ಯಾಕೆಂದರೆ ಈ ಕಥೆ ನಿಜವಾಗಿ ಕೈಗೆ ಬರುತ್ತದೆ ಅನ್ನುವ ಭರವಸೆ ಅದರಿಂದಲೇ ಸಿಗುವುದು. ಆ ಒಪ್ಪಿಗೆಯನ್ನು ನಿಜವಾಗಿಯೂ ಫೋನ್ ಮಾಡಿ ಪಡೆದೇ ಬರೆಯಬೇಕು, ಆಮೇಲೆ ನೋಡಿಕೊಂಡರಾಯ್ತು ಅನ್ನುವ ಹಾಗಿಲ್ಲ. ತವರಿನ ಮಾತು ಕೂಡ ಸುಮ್ನೆ ಬಂದಿದ್ದಲ್ಲ. ಬೇರೆಯವರಿಗಿಂತ ಇವರು ಯಾಕೆ ಅಂತ ಸಂಪಾದಕರು ಕೇಳುವ ಮುಂಚೆಯೇ ಅದು ಉತ್ತರ ಕೊಡುತ್ತದೆ. ನೀವು ಆ ಊರಿನವರಲ್ಲದಿದ್ದರೆ ಪರವಾಗಿಲ್ಲ, ನಾಟಕ ಗೊತ್ತಿದ್ದರೆ ಅದನ್ನು ಬರೆಯಿರಿ. ಎರಡೂ ಇಲ್ಲದಿದ್ದರೆ ಆ ಸಾಲು ಬಿಡಿ. ‘ಪ್ರವಾಸ ನನ್ನ ಹವ್ಯಾಸ’ ಅನ್ನಬೇಡಿ, ಪಿಚ್ ಕಳಿಸುವ ಎಲ್ಲರಿಗೂ ಅದೇ ಹವ್ಯಾಸ.

ಹೊತ್ತಿನ ಲೆಕ್ಕ

ತುಂಬ ಜನ ಎಡವುವ ಜಾಗ ಇದು. ಜಾತ್ರೆ ನೋಡಿ ಬಂದ ಮೇಲೆ ಫೆಬ್ರುವರಿಯಲ್ಲಿ ಪಿಚ್ ಕಳಿಸಿದರೆ ಓದುಗರು ಎಲ್ಲಿಗೆ ಹೋಗಬೇಕು? ಪ್ರವಾಸ ಲೇಖನ ಓದಿದವರು ಹೊರಡಲು ಸಮಯ ಇರಬೇಕು. ಮಾಸಿಕಗಳು ಎರಡು ಮೂರು ತಿಂಗಳು ಮೊದಲೇ ಸಂಚಿಕೆ ಯೋಜಿಸುತ್ತವೆ, ದಿನಪತ್ರಿಕೆಯ ಪುರವಣಿಗೆ ಕೆಲವು ವಾರ ಸಾಕು. ಹಾಗಾಗಿ ಋತುವಿನ ಕಥೆಗಳಿಗೆ ಒಂದು ವರ್ಷ ಹೋಗಿ ನೋಡಿ, ಮಾತಾಡಿಸಿ, ಫೋಟೊ ತೆಗೆದು ಇಟ್ಟುಕೊಳ್ಳುವುದು, ಮುಂದಿನ ವರ್ಷದ ಹಬ್ಬಕ್ಕೆ ಮುಂಚೆ ಪಿಚ್ ಮಾಡುವುದು ವಾಸಿ. ಕಂಬಳಕ್ಕೂ ಇದೇ ಲೆಕ್ಕ, ಮಳೆಗಾಲದ ಜೋಗಕ್ಕೂ ಇದೇ. ಜೋಗದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಕಾರಣಕ್ಕೆ ಬೇಸಿಗೆಯಲ್ಲಿ ನೀರು ತೀರಾ ಕಮ್ಮಿ, ಏಪ್ರಿಲ್ ಸಂಚಿಕೆಗೆ ಜೋಗದ ಪಿಚ್ ಮಾಡಿದರೆ ಜಾಗ ಗೊತ್ತಿಲ್ಲ ಅಂತಲೇ ಅರ್ಥ.

ಪಂಚಾಂಗವನ್ನೂ ನೋಡಬೇಕು. ಬನದ ಹುಣ್ಣಿಮೆ 2025ರಲ್ಲಿ ಜನವರಿ 13ಕ್ಕೆ ಬಂತು, 2026ರಲ್ಲಿ ಜನವರಿ 3ಕ್ಕೆ. 2025ಕ್ಕೆ ಜನವರಿ ಸಂಚಿಕೆ ಹೇಗೋ ನಡೆಯುತ್ತಿತ್ತು, 2026ಕ್ಕೆ ಡಿಸೆಂಬರ್ ಸಂಚಿಕೆಯೇ ಬೇಕಾಗಿತ್ತು. ಹತ್ತು ದಿನದ ವ್ಯತ್ಯಾಸಕ್ಕೆ ಪಿಚ್ ಕಳಿಸುವ ತಿಂಗಳೇ ಬದಲಾಗುತ್ತದೆ. ಇದನ್ನು ಪತ್ರದಲ್ಲಿ ನೀವೇ ಒಂದು ಸಾಲು ಹೇಳಿದರೆ ಸಂಪಾದಕರಿಗೆ ಒಂದು ತಲೆನೋವು ಕಮ್ಮಿ. ಇನ್ನು ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಂಥದ್ದು 12 ವರ್ಷಕ್ಕೊಮ್ಮೆ, ಹಿಂದಿನದು 2018ರಲ್ಲಿ ಆಯಿತು. ಆ ಲೆಕ್ಕದಲ್ಲಿ ಮುಂದಿನದು 2030. ಅದಕ್ಕೆ ಈಗಿನಿಂದಲೇ ಒಂದು ಫೈಲ್ ಮಾಡಿಟ್ಟುಕೊಳ್ಳಬಹುದು.

ಕೆಲವು ಸಲ ನೆಪ ಸುದ್ದಿಯಿಂದಲೇ ಸಿಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದವು. ಅಂಥ ವಾರದಲ್ಲಿ ಆ ಮೂರು ಊರಿನ ಬಗ್ಗೆಯೇ ಎಲ್ಲರೂ ಬರೆಯುತ್ತಾರೆ, ಪತ್ರಿಕೆಯವರ ಸ್ವಂತ ವರದಿಗಾರರೂ ಬರೆಯುತ್ತಾರೆ. ಆಗ ದೊಡ್ಡಗದ್ದವಳ್ಳಿ, ನುಗ್ಗೇಹಳ್ಳಿ, ಹಾರನಹಳ್ಳಿ ಅಂತ ಪಟ್ಟಿಯ ಹೊರಗೆ ಉಳಿದ ಹೊಯ್ಸಳ ಗುಡಿಗಳನ್ನು ಹಿಡಿದು ಬಂದ ಪಿಚ್‌ಗೆ ಬೆಲೆ.

ಯಾರಿಗೆ, ಹೇಗೆ

ಕಳಿಸುವ ಮುಂಚೆ ಆ ಪತ್ರಿಕೆಯ ಹಳೆಯ ಸಂಚಿಕೆ ನಾಲ್ಕಾದರೂ ತಿರುವಿ ಹಾಕಿ. ನಿಮ್ಮ ಕಥೆ ಯಾವ ಅಂಕಣದಲ್ಲಿ, ಎಷ್ಟು ಉದ್ದದಲ್ಲಿ ಕೂರುತ್ತದೆ ಅಂತ ಗುರುತಿಸಿ ಪತ್ರದಲ್ಲೇ ಹೇಳಿ. ಬನಶಂಕರಿ ಬಗ್ಗೆ ಹೋದ ವರ್ಷ ಅವರಲ್ಲೇ ಬಂದಿದ್ದರೆ ಅದನ್ನು ಮುಚ್ಚಿಡಬೇಡಿ, ನಿಮ್ಮದು ಹೇಗೆ ಬೇರೆ ಅಂತ ಬರೆಯಿರಿ. ಒಂದು ಕಥೆಯನ್ನು ಒಂದು ಸಲಕ್ಕೆ ಒಬ್ಬರಿಗೇ ಕಳಿಸಿ. ಎರಡು ವಾರ ಕಾದು ಒಂದು ನೆನಪಿನ ಮೇಲ್, ಆಮೇಲೂ ಮೌನವಾದರೆ ಬೇರೆ ಕಡೆ ಕಳಿಸುತ್ತೇನೆ ಅಂತ ತಿಳಿಸಿ ಕಳಿಸಿಬಿಡಿ. ಒಂದೇ ಲೇಖನ ಎರಡು ಪತ್ರಿಕೆಯಲ್ಲಿ ಒಂದೇ ಭಾನುವಾರ ಬಂದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಕನ್ನಡ ಪತ್ರಿಕೆಗಳಿಗೆ ಲೇಖನ ಕಳಿಸುವಾಗ ಯುನಿಕೋಡ್‌ನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಒಳ್ಳೆಯದು. ಕೆಲವರು ‘ನುಡಿ’ ತಂತ್ರಾಂಶದಲ್ಲೇ ಬೇಕು ಅನ್ನುತ್ತಾರೆ, ಕೇಳಿಕೊಳ್ಳಿ. ಪಿಡಿಎಫ್ ಬೇಡ, ಅದರಿಂದ ಕನ್ನಡ ಕಾಪಿ ಮಾಡಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಫೋಟೊ ವಾಟ್ಸ್ಯಾಪ್‌ನಲ್ಲಿ ಮಾಮೂಲಿ ಫೋಟೊದಂತೆ ಕಳಿಸಿದರೆ ಕುಗ್ಗಿಹೋಗುತ್ತದೆ, ಅಚ್ಚಿಗೆ ಬರುವುದಿಲ್ಲ. ಮೂಲ ಫೈಲನ್ನು ಡ್ರೈವ್‌ಗೆ ಹಾಕಿ, ಪ್ರತಿಯೊಂದಕ್ಕೂ ಯಾರು, ಎಲ್ಲಿ, ಯಾವಾಗ ಅಂತ ಅಡಿಬರಹ ಕೊಡಿ. ಬಣ್ಣದ ಕೋಣೆಯಲ್ಲಿ ಕೂತ ಕಲಾವಿದರ ಫೋಟೊ ಹಾಕುವ ಮುಂಚೆ ಅವರನ್ನು ಕೇಳಿ, ಅರ್ಧ ಬಣ್ಣದಲ್ಲಿ ಕಾಣಿಸಿಕೊಳ್ಳಲು ಎಲ್ಲರಿಗೂ ಇಷ್ಟ ಇರುವುದಿಲ್ಲ.

ರೆಸಾರ್ಟ್‌ನವರು ಅಥವಾ ಟೂರ್ ಕಂಪನಿಯವರು ಪುಕ್ಕಟೆ ಕರೆದುಕೊಂಡು ಹೋಗಿದ್ದರೆ ಅದನ್ನು ಪಿಚ್‌ನಲ್ಲೇ ಹೇಳಬೇಕು. ನ್ಯೂಯಾರ್ಕ್ ಟೈಮ್ಸ್‌ನ ಪ್ರವಾಸ ವಿಭಾಗ ಅಂಥ ಪುಕ್ಕಟೆ ಪ್ರವಾಸದಿಂದ ಹುಟ್ಟಿದ ಲೇಖನವನ್ನು ತೆಗೆದುಕೊಳ್ಳುವುದೇ ಇಲ್ಲ. ನಮ್ಮಲ್ಲಿ ಅಷ್ಟು ಬಿಗಿ ಇಲ್ಲ, ಆದರೆ ಊಟ ಹಾಕಿದವರನ್ನು ಬಯ್ಯಲು ಯಾರಿಗೂ ಬಾಯಿ ಬರುವುದಿಲ್ಲ ಅನ್ನುವುದು ಓದುಗರಿಗೂ ಗೊತ್ತು.

ದುಡ್ಡು, ಹಕ್ಕು

ಕನ್ನಡದಲ್ಲಿ ಸಿಗುವ ಗೌರವ ಸಂಭಾವನೆ ಎಷ್ಟೋ ಸಲ ಬಸ್ ಖರ್ಚಿಗೂ ಸಾಲುವುದಿಲ್ಲ, ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಅದಕ್ಕೇ ಒಂದು ಓಡಾಟದಿಂದ ಎರಡು ಮೂರು ಬೇರೆ ಬೇರೆ ಕಥೆ ತೆಗೆಯುವುದು: ನಾಟಕದ್ದು ಒಂದು ಕಡೆ, ರೊಟ್ಟಿಯದು ಇನ್ನೊಂದು ಕಡೆ, ಬಾಗಿಲಿನದು ಇಂಗ್ಲಿಷ್‌ಗೆ. ಇಂಗ್ಲಿಷ್‌ನಲ್ಲಿ ಪದದ ಲೆಕ್ಕದಲ್ಲಿ ಕೊಡುವುದು ಮಾಮೂಲಿ, ಒಪ್ಪಿಗೆ ಬಂದ ಮೇಲ್‌ಗೆ ಉತ್ತರ ಬರೆಯುವಾಗಲೇ ದರ, ಕೊಡುವ ದಿನ, ಖರ್ಚು ಯಾರದು ಅಂತ ಕೇಳಿಬಿಡಿ. ಆಮೇಲೆ ಕೇಳಲು ಸಂಕೋಚ ಜಾಸ್ತಿಯಾಗುತ್ತದೆ.

ಹಕ್ಕಿನ ವಿಷಯದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಫ್ರೀಲ್ಯಾನ್ಸ್ ಬರಹಗಾರರ ಪರವಾಗಿದೆ. ನೀವು ಪತ್ರಿಕೆಯವರ ನೌಕರರಲ್ಲದಿದ್ದರೆ ಬರಹದ ಮೊದಲ ಹಕ್ಕು ನಿಮ್ಮದೇ. ಅದನ್ನು ವಹಿಸಿಕೊಡುವುದು ಬರವಣಿಗೆಯಲ್ಲೇ ಆಗಬೇಕು. ಆ ಪತ್ರದಲ್ಲಿ ಅವಧಿ ಹೇಳಿಲ್ಲದಿದ್ದರೆ 5 ವರ್ಷ ಅಂತ, ಪ್ರದೇಶ ಹೇಳಿಲ್ಲದಿದ್ದರೆ ಭಾರತದೊಳಗೆ ಮಾತ್ರ ಅಂತ ಲೆಕ್ಕ. ಫೋಟೊಗೆ ಮಾತ್ರ ಹುಷಾರು. ಅವರೇ ದುಡ್ಡು ಕೊಟ್ಟು ತೆಗೆಯಲು ಹೇಳಿದ ಫೋಟೊ, ಬೇರೆ ಒಪ್ಪಂದ ಇಲ್ಲದಿದ್ದರೆ, ಅವರದ್ದೇ ಆಗುತ್ತದೆ. ಹಾಗಾಗಿ ‘ಎಲ್ಲ ಹಕ್ಕು, ಶಾಶ್ವತ’ ಅನ್ನುವ ಒಪ್ಪಂದ ಬಂದರೆ ಸಹಿ ಹಾಕುವ ಮುಂಚೆ ಮೊದಲ ಪ್ರಕಟಣೆಯ ಹಕ್ಕಷ್ಟೇ ಸಾಕಲ್ವಾ ಅಂತ ಕೇಳಿ ನೋಡಿ. ಕೆಲವರು ಸುಮ್ನೆ ಹಳೆಯ ನಮೂನೆ ಕಳಿಸಿರುತ್ತಾರೆ, ಕೇಳಿದರೆ ಬದಲಾಯಿಸುತ್ತಾರೆ.

ಬಿಲ್ ಕಳಿಸುವಾಗ ಪ್ಯಾನ್ ನಂಬರ್ ಸೇರಿಸಿ. ವರ್ಷದ ಮೊತ್ತ ಮಿತಿ ದಾಟಿದರೆ ವೃತ್ತಿ ಶುಲ್ಕದ ಮೇಲೆ 10% ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, ಪ್ಯಾನ್ ಕೊಡದಿದ್ದರೆ 20%. ನಿಮ್ಮ ಆದಾಯಕ್ಕೆ ತೆರಿಗೆಯೇ ಬರದಿದ್ದರೆ ರಿಟರ್ನ್ ಹಾಕಿ ಅದನ್ನು ವಾಪಸ್ ತೆಗೆದುಕೊಳ್ಳಿ.