ಇಮೇಲ್ ವ್ಯವಸ್ಥೆ: ಒಳಹೋಗುವ ಮುನ್ನ ಹೊರಬರುವ ದಾರಿ ನೋಡಿ

ಕಚೇರಿಗೆ ಹೊಸ ಇಮೇಲ್ ವ್ಯವಸ್ಥೆ ಬೇಕೆಂದು ಬರುವವರು ಮೊದಲು ವಿಚಾರಿಸುವುದು ಖರ್ಚನ್ನು. ಮುಕ್ತ ತಂತ್ರಾಂಶಕ್ಕೆ (ಓಪನ್ ಸೋರ್ಸ್) ಪರವಾನಗಿ ಶುಲ್ಕವಿಲ್ಲವಲ್ಲ, ಅದೇ ಸಾಕು ಎನ್ನುತ್ತಾರೆ. ನಾನು ಕೇಳುವುದು ಬೇರೆ: ಐದು ವರ್ಷದ ನಂತರ ಇದನ್ನು ಬಿಡಬೇಕಾಗಿ ಬಂದರೆ ನಿಮ್ಮ ಪತ್ರ, ಕ್ಯಾಲೆಂಡರ್, ವಿಳಾಸಗಳೆಲ್ಲ ನಿಮ್ಮೊಂದಿಗೆ ಬರುತ್ತವೆಯೇ?

ಪತ್ರಗಳ ಬಗ್ಗೆ ಅಷ್ಟು ಚಿಂತೆಯಿಲ್ಲ. ಸರ್ವರಿನಲ್ಲಿರುವ ಪತ್ರಗಳನ್ನು ಓದುವ ಐಮ್ಯಾಪ್ ಎಂಬ ಮುಕ್ತ ಮಾನಕ ಹಳೆಯ, ಹೊಸ ವ್ಯವಸ್ಥೆ ಎರಡರಲ್ಲೂ ನಡೆಯುತ್ತದೆ. ಫೋಲ್ಡರ್ ಸಮೇತ ಸಾಗಿಸಬಹುದು. ಗಂಟು ಬೀಳುವುದು ಕ್ಯಾಲೆಂಡರಿನಲ್ಲಿ. ನೆಕ್ಸ್ಟ್‌ಕ್ಲೌಡ್, ಸೋಗೊದಂಥ ಮುಕ್ತ ತಂತ್ರಾಂಶಗಳು ಕ್ಯಾಲೆಂಡರ್ ಹಂಚಿಕೊಳ್ಳಲು 2007ರಲ್ಲಿ ಬಂದ ಕ್ಯಾಲ್‌ಡಾವ್ ಮಾನಕವನ್ನು ಬಳಸುತ್ತವೆ. ಹಣ ಕೊಟ್ಟು ಕೊಳ್ಳುವ ಇಮೇಲ್ ವ್ಯವಸ್ಥೆಯಾದ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಅದನ್ನು ನೇರವಾಗಿ ಒಪ್ಪುವುದಿಲ್ಲ, ಅದಕ್ಕೆ ತನ್ನದೇ ಮಾರ್ಗವಿದೆ. ನಾನು ಮಾಡಿದ ಒಂದು ವರ್ಗಾವಣೆಯಲ್ಲಿ ಪತ್ರಗಳೆಲ್ಲ ಸುಸೂತ್ರವಾಗಿ ಬಂದವು. ಆದರೆ ಪ್ರತಿ ಸೋಮವಾರದ ಸಭೆಯನ್ನು ಯಾವುದೋ ಒಂದು ವಾರ ಮಂಗಳವಾರಕ್ಕೆ ಮುಂದೂಡಿದ್ದರೆ, ಆ ಬದಲಾವಣೆ ಅಳಿಸಿಹೋಗಿ ಸಭೆ ಮತ್ತೆ ಸೋಮವಾರಕ್ಕೇ ಬಂದು ಕೂತಿತ್ತು. ಎರಡು ತಂಡಗಳು ಒಂದೇ ಕೊಠಡಿಯ ಬಾಗಿಲಲ್ಲಿ ಎದುರಾದಾಗಲೇ ವಿಷಯ ತಿಳಿದದ್ದು.

ಇನ್ನು ಸ್ವಂತ ಸರ್ವರಿನ ಮಾತು. ಪತ್ರ ರವಾನಿಸುವ ಪೋಸ್ಟ್‌ಫಿಕ್ಸ್, ಬಂದ ಪತ್ರವನ್ನು ಇಟ್ಟು ಓದಿಸುವ ಡವ್‌ಕಾಟ್, ಎರಡೂ ಹಲವು ವರ್ಷಗಳಿಂದ ಪಳಗಿದ ಮುಕ್ತ ತಂತ್ರಾಂಶಗಳು, ನನಗೆ ಅವುಗಳ ಮೇಲೆ ಪೂರ್ಣ ನಂಬಿಕೆಯಿದೆ. ಅನುಸ್ಥಾಪನೆ ಬೇಗ ಮುಗಿಯುತ್ತದೆ, ಪತ್ರವನ್ನು ಇನ್‌ಬಾಕ್ಸ್‌ಗೆ ಮುಟ್ಟಿಸುವ ಕೆಲಸ ಮಾತ್ರ ಎಂದೂ ಮುಗಿಯುವುದಿಲ್ಲ. ಪತ್ರ ಹೋಗಿದೆ ಎಂದು ಸರ್ವರ್ ಹೇಳುತ್ತದೆ, ಬಂದಿಲ್ಲ ಎಂದು ಗ್ರಾಹಕರು ಹೇಳುತ್ತಾರೆ. ಒಮ್ಮೆ ಸ್ಪ್ಯಾಮ್‌ನಲ್ಲಿ ಬಿದ್ದಿದ್ದ ಅಂಥ ಪತ್ರದ ಹೆಡರ್ (ಪತ್ರ ಸಾಗಿಬಂದ ದಾರಿಯ ವಿವರ) ತೆರೆದು ನೋಡಿದೆ: ಕಳಿಸಿದ ಸರ್ವರಿಗೆ ಆ ಅಧಿಕಾರವಿದೆಯೇ ಎಂದು ನೋಡುವ ಎಸ್‌ಪಿಎಫ್ ಪರೀಕ್ಷೆ ವಿಫಲ. ಹೊಸ ಸರ್ವರಿನ ಐಪಿ ವಿಳಾಸವನ್ನು ಕಚೇರಿಯ ಡೊಮೇನ್ ಹೆಸರಿನ ಡಿಎನ್‌ಎಸ್ ದಾಖಲೆಗೆ ಸೇರಿಸಲು ಮರೆತಿದ್ದರು. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್ (ಪತ್ರದ ಡಿಜಿಟಲ್ ಸಹಿ), ಡಿಮಾರ್ಕ್ (ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂಬ ಸೂಚನೆ) ಮೂರೂ ಕಡ್ಡಾಯ.

ಹಣ ಕೊಟ್ಟು ಕೊಂಡದ್ದೆಲ್ಲ ಭದ್ರ ಎಂಬ ನಂಬಿಕೆಯನ್ನೂ ಬಿಡಬೇಕು. 2021ರ ಮಾರ್ಚ್‌ನಲ್ಲಿ ಬಯಲಾದ ದೋಷಗಳಿಂದ ಸ್ವಂತ ಎಕ್ಸ್‌ಚೇಂಜ್ ಸರ್ವರ್ ಇಟ್ಟುಕೊಂಡಿದ್ದ ಅಸಂಖ್ಯ ಸಂಸ್ಥೆಗಳು ದಾಳಿಗೆ ಸಿಕ್ಕಿದವು. ಮರುವರ್ಷ ಜಿಂಬ್ರಾ ಎಂಬ ಇನ್ನೊಂದು ಇಮೇಲ್ ವ್ಯವಸ್ಥೆಗೂ ಅದೇ ಪಾಡು ಬಂತು. ಎರಡರಲ್ಲೂ ಮುಖ್ಯವಾದದ್ದು ತಿದ್ದುಪಡಿಯನ್ನು ಯಾರು, ಎಷ್ಟು ಬೇಗ ಹಾಕಿದರು ಎಂಬುದು. ಆ ಕೆಲಸಕ್ಕೆ ಕಾಯಂ ವ್ಯಕ್ತಿಯಿಲ್ಲದ ಕಚೇರಿಗೆ ಸ್ವಂತ ಸರ್ವರ್ ಬೇಡವೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಹಾಗೆಂದು ಮುಕ್ತ ತಂತ್ರಾಂಶವನ್ನೇ ಕೈಬಿಡಬೇಕಿಲ್ಲ, ಅದನ್ನು ನಡೆಸಿಕೊಡುವ ಸೇವಾದಾರರಿದ್ದಾರೆ. ಜರ್ಮನಿಯ ಷ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2025ರಲ್ಲಿ 40,000ಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳನ್ನು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಿಂದ ಓಪನ್-ಎಕ್ಸ್‌ಚೇಂಜ್ ಎಂಬ ಮುಕ್ತ ತಂತ್ರಾಂಶಕ್ಕೆ ಸಾಗಿಸಿ ಮುಗಿಸಿತು.

ಯಾವುದನ್ನೇ ಆರಿಸಿ, ಸಹಿ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿಸಿ. ಕಚೇರಿಯಲ್ಲಿ ಅತಿ ಹೆಚ್ಚು ಸಭೆಗಳಿರುವವರ ಖಾತೆಯ ನಕಲೊಂದನ್ನು ಹೊಸ ವ್ಯವಸ್ಥೆಗೆ ತುಂಬಿಸಿ, ಮತ್ತೆ ಹೊರತೆಗೆಸಿ, ಮುಂದೂಡಿದ ಸಭೆಗಳನ್ನು ಅವರ ಎದುರೇ ಕೂತು ಒಂದೊಂದಾಗಿ ತಾಳೆ ನೋಡಿ.