ಚಾಕು ಹಿಡಿದವನಿಂದ ಶುರು ಮಾಡೋಣ: ಚಾಕು ಎದುರಿಸುವ ಅಭ್ಯಾಸದ ಟಿಪ್ಪಣಿ

ಬೆಳಗಾವಿಯಲ್ಲಿ ಕರಾಟೆ, ಜೂಡೋ, ಕ್ರಾವ್ ಮಗಾ ಕಲಿಯುತ್ತಿರುವ ಗೆಳೆಯರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಚಾಕು ಎದುರಿಸುವ ಅಭ್ಯಾಸ ನಿಜಕ್ಕೆ ಹತ್ತಿರ ಬರಬೇಕೆಂದರೆ ಮೊದಲು ತಯಾರಾಗಬೇಕಾದವನು ಚಾಕು ಹಿಡಿಯುವ ಜೊತೆಗಾರ. ಅವನ ದಾಳಿ ಸುಳ್ಳಾದರೆ ನಮ್ಮ ರಕ್ಷಣೆಯೂ ಸುಳ್ಳೇ.

ಕ್ಲಾಸಿನಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಜೊತೆಗಾರ ಎರಡು ಹೆಜ್ಜೆ ದೂರ ನಿಲ್ಲುತ್ತಾನೆ. ರಬ್ಬರ್ ಚಾಕು ಮುಂದೆ ಚಾಚಿ ಒಂದೇ ಸಲ ತಿವಿಯುತ್ತಾನೆ. ಕೈಯನ್ನು ಅಲ್ಲೇ ನಿಲ್ಲಿಸುತ್ತಾನೆ. ನಾವು ಪಕ್ಕಕ್ಕೆ ಸರಿದು, ಮಣಿಕಟ್ಟು ಹಿಡಿದು ತಿರುವಿ ಕೆಡವುತ್ತೇವೆ. ನೋಡೋಕೆ ಚೆಂದ. ಹಾಗೆ ಕೈ ಚಾಚಿ ಕಾಯುತ್ತಾ ನಿಲ್ಲುವವನು ಹೊರಗೆ ಸಿಗುವುದಿಲ್ಲ.

ಟಿವಿಯಲ್ಲಿ ಬರುವ ಸಿಸಿಟಿವಿ ದೃಶ್ಯಗಳನ್ನು ಗಮನವಿಟ್ಟು ನೋಡಿ. ಚಾಕು ತೊಡೆಯ ಹಿಂದೆಯೋ ಜೇಬಿನಲ್ಲೋ ಇರುತ್ತದೆ. ಅವನು ಮಾತಾಡುತ್ತಲೇ ಹತ್ತಿರ ಬರುತ್ತಾನೆ. ಎಡಗೈಯಿಂದ ಕಾಲರ್ ಹಿಡಿಯುತ್ತಾನೆ. ಬಲಗೈ ಕೆಳಗಿನಿಂದ ಹೊಟ್ಟೆಗೆ ಒಂದರ ಹಿಂದೆ ಒಂದು ಏಟು ಹಾಕುತ್ತಲೇ ಇರುತ್ತದೆ. ಪ್ರತಿ ಸಲವೂ ಮೊಣಕೈ ಮಡಚಿ ಕೈ ಹಿಂದಕ್ಕೆ ಹೋಗುತ್ತದೆ. ಅಂಥ ಕೈಯ ಮಣಿಕಟ್ಟನ್ನು ಬೆರಳುಗಳಿಂದ ಹಿಡಿದು ತಿರುವಲು ಸಮಯವೇ ಇರುವುದಿಲ್ಲ. ಬೆವರು, ರಕ್ತ ಇದ್ದರೆ ಹಿಡಿತ ಇನ್ನೂ ಜಾರುತ್ತದೆ. ಇರಿತಕ್ಕೆ ಒಳಗಾದ ಎಷ್ಟೋ ಜನರಿಗೆ ಮೊದಲು ಯಾರೋ ಗುದ್ದಿದ ಹಾಗೆ ಅನಿಸಿರುತ್ತದೆ, ಚಾಕು ಆಮೇಲೆ ಗೊತ್ತಾಗುತ್ತದೆ.

ಹಾಗಂತ ಕಟಾಗಳನ್ನು, ಅಂದರೆ ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಮಾಡುವ ಅಭ್ಯಾಸಗಳನ್ನು, ಹಳಿಯಬೇಕಿಲ್ಲ. ಜೂಡೋದಲ್ಲಿ 1956ರಲ್ಲಿ ರೂಪುಗೊಂಡ ಕೊಡೊಕಾನ್ ಗೋಶಿನ್ ಜುತ್ಸು ಅನ್ನುವ ಆತ್ಮರಕ್ಷಣೆಯ ಕಟಾದಲ್ಲಿ 21 ತಂತ್ರಗಳಿವೆ. ಅದರಲ್ಲಿ ಮೂರು ಚಾಕುವಿಗೆ. ದೇಹ ಎತ್ತ ತಿರುಗಬೇಕು, ಕಾಲು ಎಲ್ಲಿ ಇಡಬೇಕು ಅನ್ನುವುದನ್ನು ಅವು ಚೆನ್ನಾಗಿ ಕಲಿಸುತ್ತವೆ. ಅಲ್ಲಿಗೇ ಅಭ್ಯಾಸ ಮುಗಿಯಿತು ಅಂದುಕೊಳ್ಳುವುದು ಅಪಾಯ.

ದೂರದ ಲೆಕ್ಕ ತಿಳಿದಿರಲಿ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ 1983ರಲ್ಲಿ ಇದರ ಬಗ್ಗೆ ಬರೆದರು. ಚಾಕು ಹಿಡಿದವನು 21 ಅಡಿ, ಅಂದರೆ ಸುಮಾರು ಆರೂವರೆ ಮೀಟರ್ ದೂರವನ್ನು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ. ಸೊಂಟದ ಪಿಸ್ತೂಲು ತೆಗೆದು ಗುಂಡು ಹಾರಿಸಲು ಪೊಲೀಸರಿಗೂ ಸುಮಾರು ಅಷ್ಟೇ ಸಮಯ ಬೇಕು. ನಾವು ಬರಿಗೈಯಲ್ಲಿ ಎರಡು ಹೆಜ್ಜೆ ದೂರದಲ್ಲಿ ನಿಂತು ಚಾಕು ನೋಡಿ ಆಮೇಲೆ ಯೋಚಿಸುತ್ತೇವೆ ಅನ್ನುವುದು ಆಗದ ಮಾತು. ಅಪರಿಚಿತ ಹತ್ತಿರ ಬಂದರೆ ಮೊದಲು ನೋಡಬೇಕಾದದ್ದು ಅವನ ಎರಡೂ ಕೈಗಳನ್ನು.

ಈಗ ಜೊತೆಗಾರನ ತಯಾರಿ. ಅವನು ಮೊದಲು ಒಬ್ಬನೇ, ತಿವಿದ ಕೈಯನ್ನು ತಕ್ಷಣ ಹಿಂದಕ್ಕೆ ಎಳೆದುಕೊಳ್ಳುವುದನ್ನು ರೂಢಿ ಮಾಡಲಿ. ಆಮೇಲೆ ಎಡಗೈಯ ಹಿಡಿತ ಸೇರಿಸಲಿ. ಅದಾದ ಮೇಲೆ ಮಾತು. “ಅಣ್ಣಾರ, ಟೈಮ್ ಎಷ್ಟಾತ್ರಿ?” ಅಂತ ಕೇಳುತ್ತಾ ಬರಲಿ. ಒಂದೊಂದು ಸಲ ಸುಮ್ನೆ ಟೈಮ್ ಕೇಳಿ ಹೋಗಿಬಿಡಲಿ. ಇದನ್ನು ಸೇರಿಸಿದ ದಿನ ಕ್ಲಾಸಿನ ರೀತಿಯೇ ಬದಲಾಗುತ್ತದೆ. ದಾಳಿ ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗ ನಮ್ಮ ಕೈ ಎಷ್ಟು ತಡವಾಗಿ ಏಳುತ್ತದೆ ಅಂತ ಆಗ ತಿಳಿಯುತ್ತದೆ.

ರಕ್ಷಿಸಿಕೊಳ್ಳುವವನ ಕೆಲಸ ಸರಳ, ಆದರೆ ಕಷ್ಟ. ತಪ್ಪಿಸಿಕೊಳ್ಳಲು ದಾರಿ ಇದ್ದರೆ ಓಡಬೇಕು. ಹಿಡಿದುಬಿಟ್ಟಿದ್ದರೆ ಚಾಕುವಿನ ಒಂದು ಕೈಗೆ ನಮ್ಮ ಎರಡೂ ಕೈ. ಒಂದು ಕೈ ಮಣಿಕಟ್ಟಿನ ಮೇಲ್ಭಾಗಕ್ಕೆ, ಇನ್ನೊಂದು ಕೈ ಮೊಣಕೈ ಸುತ್ತಿ ತೋಳಿನ ಹಿಂಬದಿಗೆ. ಅವನ ತೋಳನ್ನು ನಮ್ಮ ಎದೆಗೆ ಒತ್ತಿ, ತಲೆಯನ್ನು ಅವನ ಭುಜಕ್ಕೆ ಒತ್ತಿ ಹಿಡಿಯಬೇಕು. ಕೈ ಹಿಂದಕ್ಕೆ ಹೋಗದಂತೆ ಮಾಡುವುದೇ ಗುರಿ. ಇಲ್ಲಿ ನಮ್ಮ ಭಾಗದ ತಾಲೀಮಿನ, ಅಂದರೆ ಕುಸ್ತಿ ಗರಡಿಯ ಹುಡುಗರು ಬೇರೆಯವರಿಗಿಂತ ಮುಂದೆ ಇರುತ್ತಾರೆ ಅನ್ನುವುದು ನನ್ನ ಅನಿಸಿಕೆ. ಅವರ ಪಟ್ಟು ದಿನಾ ಮಟ್ಟಿಯಲ್ಲಿ, ಬಿಡಿಸಿಕೊಳ್ಳಲು ಒದ್ದಾಡುವ ಪೈಲ್ವಾನನ ಮೇಲೆ ತಯಾರಾಗಿರುತ್ತದೆ. ಕುಸ್ತಿ ಗೊತ್ತಿರುವ ಗೆಳೆಯರಿದ್ದರೆ ಕೈ ಕಟ್ಟಿ ಹಿಡಿಯುವುದನ್ನು ಅವರಿಂದ ಕಲಿಯಿರಿ.

ಬಲವನ್ನು ಹಂತ ಹಂತವಾಗಿ ಏರಿಸಿ. ಮೊದಲು ನಿಧಾನ, ಆಮೇಲೆ ಅರ್ಧ ಬಲ, ಕೊನೆಗೆ ಪೂರ್ತಿ. ಪೂರ್ತಿ ಬಲದ ಸುತ್ತು ಹತ್ತು ಸೆಕೆಂಡು ಸಾಕು, ಅಷ್ಟರಲ್ಲೇ ಉಸಿರು ಹತ್ತುತ್ತದೆ. ಹಳೆಯ ಬಿಳಿ ಟೀ ಶರ್ಟ್ ಹಾಕಿಕೊಳ್ಳಿ, ಫೋಮ್ ಚಾಕುವಿನ ಅಂಚಿಗೆ ಕೆಂಪು ಲಿಪ್‌ಸ್ಟಿಕ್ ಹಚ್ಚಿ. ಮುಗಿದ ಮೇಲೆ ಬಟ್ಟೆ ನೋಡಿ. ಚಿಕ್ಕ ಚುಕ್ಕೆ ಇದ್ದರೆ ತಿವಿತ, ಉದ್ದ ಗೆರೆ ಇದ್ದರೆ ಸೀಳು. ಎಷ್ಟು ಗುರುತು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಮುಖ್ಯ. ಮುಂಗೈ ಹೊರಭಾಗದ ಗೆರೆಯೇ ಬೇರೆ, ಕುತ್ತಿಗೆ, ಕಂಕುಳ, ತೊಡೆ ಸಂದಿಯ ಗುರುತೇ ಬೇರೆ. ಅಲ್ಲಿ ದೊಡ್ಡ ರಕ್ತನಾಳಗಳಿವೆ. ಗುರುತು ಒಂದೂ ಬೀಳದ ಸುತ್ತು ತೀರಾ ಅಪರೂಪ. ಯಾವಾಗಲೂ ಬಟ್ಟೆ ಬಿಳಿಯಾಗೇ ಉಳಿಯುತ್ತಿದ್ದರೆ ಜೊತೆಗಾರ ನಿಮಗೆ ಬಿಟ್ಟುಕೊಡುತ್ತಿದ್ದಾನೆ ಅಂತ ಅರ್ಥ.

ಕಣ್ಣಿಗೆ ಗಾಗಲ್ಸ್ ಇಲ್ಲದೆ ಈ ಸುತ್ತು ಬೇಡವೇ ಬೇಡ, ರಬ್ಬರ್ ತುದಿಯೂ ಕಣ್ಣು ಕೆಡಿಸುತ್ತದೆ. ಮೊಂಡಾಗಿದ್ದರೂ ನಿಜವಾದ ಚಾಕು ಕ್ಲಾಸಿಗೆ ತರಬಾರದು. ಇನ್ನೊಂದು ಕೆಟ್ಟ ರೂಢಿ ಇದೆ: ಕಿತ್ತುಕೊಂಡ ಚಾಕುವನ್ನು ಮರುಕ್ಷಣವೇ ಜೊತೆಗಾರನಿಗೆ ವಾಪಸ್ ಕೊಡುವುದು. ದೇಹ ಅದನ್ನೂ ಕಲಿತುಬಿಡುತ್ತದೆ. ಚಾಕು ದೂರ ಎಸೆದು, ಓಡಿ ಬಾಗಿಲು ಮುಟ್ಟಿದ ಮೇಲೇ ಸುತ್ತು ಮುಗಿಯಲಿ.

“ರೊಕ್ಕ ತೆಗಿ, ಮೊಬೈಲ್ ತೆಗಿ” ಅನ್ನುವವನಿಗೆ ಕೊಟ್ಟುಬಿಡಿ. ಪಾಕೀಟನ್ನು ಒಂದು ಕಡೆ ಎಸೆದು ಇನ್ನೊಂದು ಕಡೆ ಓಡುವುದನ್ನೂ ಅಭ್ಯಾಸ ಮಾಡಿ. ಖಡೇಬಜಾರಿನಂಥ ಇಕ್ಕಟ್ಟಿನ ಜಾಗದಲ್ಲಿ ನಿಲ್ಲಿಸಿದ ಬೈಕ್ ಒಂದು ನಡುವೆ ಇದ್ದರೂ ಲಾಭವೇ. ಹಾಲ್‌ನಲ್ಲಿ ಕುರ್ಚಿ ಇಟ್ಟು ಇದನ್ನು ಮಾಡಬಹುದು.

ಕಾನೂನಿನ ಮಾತು ಚಿಕ್ಕದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಚಾಕು ಬಿಟ್ಟು ಓಡುವವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ರಕ್ಷಣೆ ಅನಿಸಿಕೊಳ್ಳುವುದಿಲ್ಲ.

ಗಾಯವಾದರೆ ದಪ್ಪ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೋ 112ಕ್ಕೋ ಫೋನ್ ಮಾಡಬೇಕು. ಚುಚ್ಚಿಕೊಂಡಿರುವ ಚಾಕುವನ್ನು ಕೀಳಬಾರದು, ಕಿತ್ತರೆ ರಕ್ತ ಇನ್ನೂ ಜಾಸ್ತಿ ಹರಿಯುತ್ತದೆ. ಇದನ್ನೂ ಜೋಡಿಯಾಗಿ ಅಭ್ಯಾಸ ಮಾಡಿ.

ಮುಂದಿನ ಕ್ಲಾಸಿನಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ಎಲ್ಲರಿಗಿಂತ ಹಗುರ ಇರುವ ಹುಡುಗಿಗೋ ಹುಡುಗನಿಗೋ ಫೋಮ್ ಚಾಕು ಕೊಟ್ಟು, ಎಲ್ಲರಿಗಿಂತ ಗಟ್ಟಿಗನನ್ನು ಎದುರು ನಿಲ್ಲಿಸಿ. ಹತ್ತು ಸೆಕೆಂಡು ಬಿಟ್ಟು ಅವನ ಟೀ ಶರ್ಟನ್ನು ಎಲ್ಲರೂ ಸುತ್ತ ನಿಂತು ನೋಡಿ, ಆಮೇಲೆ ಪಾಳಿ ಬದಲಿಸಿ.