ಅಳತೆ ತಪ್ಪಿ ಅಷ್ಟು ದೊಡ್ಡ ಚರ್ಚ್ ಕಟ್ಟಿಬಿಟ್ರಂತೆ, ನಿಜಾನಾ?

ಪ್ರಶ್ನೆ: ಫಿನ್ಲೆಂಡಿನ ಕೆರಿಮಾಕಿ ಅನ್ನೋ ಹಳ್ಳೀಲಿ ಭಾರೀ ಮರದ ಚರ್ಚ್ ಇದ್ಯಲ್ಲ, ಅದ್ರ ಪ್ಲಾನ್ ಸೆಂಟಿಮೀಟರಲ್ಲಿತ್ತು, ಬಡಗಿಗಳು ಇಂಚು ಅನ್ಕೊಂಡು ಕಟ್ಟಿಬಿಟ್ರು ಅಂತ ಒಂದು ರೀಲಲ್ಲಿ ನೋಡ್ದೆ. ಹೌದಾ?

ಉತ್ತರ: ಇಲ್ಲ ಮಾರಾಯ್ರೆ. ಈ ಲುಥೆರನ್ ಚರ್ಚ್ ಕಟ್ಟಿದ್ದು 1844ರಿಂದ 1847ರ ಒಳಗೆ, ಆಗ ಫಿನ್ಲೆಂಡ್ ರಷ್ಯಾದ ಝಾರ್ ಕೈಕೆಳಗಿತ್ತು, ಮೀಟರ್ ಸೆಂಟಿಮೀಟರ್ ಲೆಕ್ಕ ಅಲ್ಲಿ ಕಾನೂನಾಗಿ ಬಂದಿದ್ದೇ 1880ರ ದಶಕದಲ್ಲಿ. ಅಲ್ಲಿಯವರೆಗೆ ಅಳೀತಿದ್ದಿದ್ದು ಅಡಿ ಲೆಕ್ಕದಲ್ಲಿ, ಇಲ್ಲಾ ಕ್ಯುನಾರಾ ಲೆಕ್ಕದಲ್ಲಿ. ಕ್ಯುನಾರಾ ಅಂದ್ರೆ ಮೊಣಕೈ, ನಮ್ಮ ಮೊಳ ಇದ್ದಂಗೇನೇ, ಆದ್ರೆ ಸ್ವಲ್ಪ ಉದ್ದ, ಎರಡಡಿಗೆ ಒಂದು. ಇಲ್ದೇ ಇರೋ ಸೆಂಟಿಮೀಟರನ್ನ ಇಂಚು ಅಂತ ಯಾರು ತಪ್ಪಾಗಿ ಓದ್ತಾರೆ?

ಇನ್ನೂ ಡೌಟಿದ್ರೆ ಲೆಕ್ಕ ಹಾಕಿ ನೋಡಿ. ಚರ್ಚ್ ಈಗ 45 ಮೀಟರ್ ಉದ್ದ, 42 ಅಗಲ, 37 ಎತ್ತರ ಇದೆ, ಒಂದು ಇಂಚಿಗೆ 2.54 ಸೆಂಟಿಮೀಟರ್ ತಾನೆ, ಅದರಿಂದ ಭಾಗಿಸಿದ್ರೆ ಉದ್ದ 18 ಮೀಟರಿಗೂ ಕಮ್ಮಿ ಬರತ್ತೆ, ಅಂದ್ರೆ ನಮ್ಮ ಸಣ್ಣ ಕಲ್ಯಾಣ ಮಂಟಪದ ಹಾಲ್ ಅಷ್ಟು, ಅದು ಆ ಊರಿಗೆ ಯಾವ ಮೂಲೆಗೂ ಸಾಲ್ತಿರ್ಲಿಲ್ಲ. ಅದೂ ಅಲ್ದೆ ಅಳತೆ ತಪ್ಪಿದ್ರೆ ಎಲ್ಲಾದ್ರದ್ದೂ ತಪ್ಪಬೇಕು ತಾನೆ, 45 ಸೆಂಟಿಮೀಟರ್ ಬೆಂಚು 45 ಇಂಚಾಗಿ, ಅಜ್ಜಿ ಏಣಿ ಹಾಕ್ಕೊಂಡು ಹತ್ತಿ ಕಾಲು ಇಳಿಬಿಟ್ಕೊಂಡು ಪಾದ್ರಿ ಉಪದೇಶ ಕೇಳಬೇಕಿತ್ತು. ಹಂಗೇನಿಲ್ಲ, ಬೆಂಚುಗಳು ಮನುಷ್ಯರು ಕೂರೋ ಎತ್ತರದಲ್ಲೇ ಇವೆ, ಸಂಖ್ಯೆ ಮಾತ್ರ ಜಾಸ್ತಿ, ಒಂದರ ಪಕ್ಕ ಒಂದು ಇಟ್ರೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು.

ಮತ್ತೆ ಅಷ್ಟು ದೊಡ್ಡದು ಯಾಕೆ? ಬೇಕು ಅಂತಾನೇ. ಆ ಚರ್ಚಿಗೆ ಸೇರಿದವರಲ್ಲಿ ಅರ್ಧದಷ್ಟು ಜನ ಒಂದೇ ಸಲ ಒಳಗೆ ಹಿಡೀಬೇಕು ಅಂತ ಲೆಕ್ಕ ಹಾಕಿದ್ರು, ಹಾಗಾಗಿ 3,000ಕ್ಕೂ ಹೆಚ್ಚು ಜನ ಕೂರಬಹುದು, ನಿಂತವರನ್ನೂ ಸೇರಿಸಿದ್ರೆ 5,000. ನಮಗಿದು ಅತಿ ಅನ್ಸತ್ತೆ, ಆದ್ರೆ ಆಗಿನ ಚರ್ಚ್ ಅಂದ್ರೆ ಬರೀ ಪ್ರಾರ್ಥನೆ ಅಲ್ಲ, ಹುಟ್ಟು ಮದುವೆ ಸಾವು ಎಲ್ಲ ಪಾದ್ರಿ ಬರೆಯೋ ಪುಸ್ತಕದಲ್ಲೇ, ಸರ್ಕಾರದ ಆರ್ಡರನ್ನೂ ಅಲ್ಲೇ ಓದಿ ಹೇಳೋರು, ಒಂಥರಾ ತಾಲ್ಲೂಕು ಆಫೀಸೂ ಅದೇ. ಪ್ಲಾನ್ ಮಾಡಿದ್ದು ಆಂಡರ್ಸ್ ಫ್ರೆಡ್ರಿಕ್ ಗ್ರಾನ್‌ಸ್ಟೆಡ್ಟ್, ಮರದ ಚರ್ಚುಗಳಲ್ಲಿ ಪಳಗಿದ ಕೈ, ಕಟ್ಟಿದ್ದು ಆಕ್ಸೆಲ್ ತೋಲ್ಪೋ ಅನ್ನೋ ಮೇಸ್ತ್ರಿ, ಮಗನ್ನ ಜತೆಗಿಟ್ಕೊಂಡು. ಅಳತೆ ತಪ್ಪಿದ್ರೆ ಇಂಥವ್ರಿಗೆ ಪಾಯ ಹಾಕೋ ದಿನಾನೇ ಗೊತ್ತಾಗ್ತಿರ್ಲಿಲ್ವಾ?

ಅಮೆರಿಕಕ್ಕೆ ಹೋದ ಊರವನು ದುಡ್ಡು ಕಳಿಸಿದ, ಪ್ಲಾನೂ ಅಲ್ಲಿಂದಾನೇ ಬಂತು ಅಂತ ಇನ್ನೊಂದು ಕಥೆ ಓಡಾಡ್ತಿರತ್ತೆ. ಫಿನ್ಲೆಂಡ್ ಜನ ಗುಂಪು ಕಟ್ಕೊಂಡು ಅಮೆರಿಕಕ್ಕೆ ಹೊರಟಿದ್ದು 1860ರ ಮೇಲೆ, ಚರ್ಚ್ ಅಷ್ಟೊತ್ತಿಗೆ ಕಟ್ಟಿ ಮುಗ್ದಿತ್ತು, ಸೋ ಇದು ಆಮೇಲೆ ಹೆಣೆದಿದ್ದು ಅಂತ ನನ್ನ ಅನಿಸಿಕೆ.

ಆದ್ರೆ ಒಂದು ತಾಪತ್ರಯ ಮಾತ್ರ ನಿಜ, ಚಳಿ. ಅಷ್ಟು ದೊಡ್ಡ ಜಾಗಾನ ಫಿನ್ಲೆಂಡಿನ ಜನವರೀಲಿ ಬೆಚ್ಚಗೆ ಮಾಡೋದು ಆಗೋ ಮಾತಲ್ಲ, ಅದಕ್ಕೇ 1953ರಲ್ಲಿ ಚಳಿಗಾಲಕ್ಕೆ ಅಂತಾನೇ ಬೇರೆ ಪುಟ್ಟ ಚರ್ಚ್ ಕಟ್ಕೊಂಡ್ರು. ಕೆರಿಮಾಕಿ 2013ರಿಂದ ಸವೊನ್‌ಲಿನ್ನಾ ನಗರಕ್ಕೆ ಸೇರಿದೆ, ಆ ಕಡೆ ಹೋದ್ರೆ ಬೇಸಿಗೇಲೇ ಹೋಗಿ.